ಏಳು ರಾತ್ರಿ, ಮೂರು ಹೋಟೆಲ್: ಮನೆಮಂದಿಯೆಲ್ಲ ದುಬೈಗೆ ಹೊರಟವರಿಗೆ

ನಾವು ಆರು ಜನ. ಅತ್ತೆ, ಮಾವ, ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. 2024ರ ನವೆಂಬರ್ ಕೊನೆಯಲ್ಲಿ ಹಾಸನದಿಂದ ಹೊರಟು ಬೆಂಗಳೂರಿನ ಮೇಲೆ ದುಬೈಗೆ ಹೋಗಿದ್ದೆವು. ಏಳು ರಾತ್ರಿಯಲ್ಲಿ ಮೂರು ಹೋಟೆಲ್ ಆಯಿತು. ಒಂದು ಸಲ ಬದಲಾಯಿಸಿದ್ದು ಬೇಕಂತಲೇ. ಇನ್ನೊಂದು ಸಲ ಹಣೆ ಚಚ್ಚಿಕೊಂಡು. ಹೊರಡುವ ಮುಂಚೆ ಬುರ್ಜ್ ಖಲೀಫಾ, ಡೆಸರ್ಟ್ ಸಫಾರಿ ಬಗ್ಗೆ ತಿಂಗಳುಗಟ್ಟಲೆ ಓದಿದ್ದೆವು. ಹೋಟೆಲ್ ಬಗ್ಗೆ ಮಾತ್ರ, "ರಾತ್ರಿ ಮಲಗೋಕೆ ತಾನೇ" ಅಂದುಬಿಟ್ಟಿದ್ದರು ನಮ್ಮವರು. ಆ ಮಾತನ್ನು ಎರಡನೇ ರಾತ್ರಿ ನಾನು ಅವರಿಗೆ ನೆನಪಿಸಿದೆ, ಸ್ವಲ್ಪ ಜೋರಾಗಿಯೇ.

ದುಬೈ ಸಮುದ್ರದ ದಡದುದ್ದಕ್ಕೆ ಚಾಚಿಕೊಂಡ ಊರು. ಒಂದು ತುದಿಯಲ್ಲಿ ಹಳೇ ದುಬೈ. ಅಲ್ಲಿ ಕ್ರೀಕ್ ಅನ್ನುವ ಸಮುದ್ರದ ಕವಲು ಊರೊಳಗೆ ನುಗ್ಗಿದೆ. ಈ ದಡ ದೇರಾ, ಆ ದಡ ಬರ್ ದುಬೈ, ಅದರ ಮಗ್ಗುಲಲ್ಲೇ ಕರಾಮಾ. ನಡುವೆ ಬುರ್ಜ್ ಖಲೀಫಾ, ದುಬೈ ಮಾಲ್ ಇರುವ ಡೌನ್‌ಟೌನ್. ಇನ್ನೊಂದು ತುದಿಯಲ್ಲಿ ಮರೀನಾ, ಜೆಬಿಆರ್ (ಜುಮೇರಾ ಬೀಚ್ ರೆಸಿಡೆನ್ಸ್) ಬೀಚ್, ಸಮುದ್ರಕ್ಕೆ ಮರಳು ಸುರಿದು ಮಾಡಿದ ಪಾಮ್ ಜುಮೇರಾ. 2009ರಲ್ಲಿ ಶುರುವಾದ ಮೆಟ್ರೋದ ರೆಡ್ ಲೈನ್ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಹೋಟೆಲ್ ಎಲ್ಲೇ ತಗೊಳ್ಳಿ, ಸ್ಟೇಷನ್‌ನಿಂದ ಎಷ್ಟು ಹೆಜ್ಜೆ ಅನ್ನುವುದನ್ನು ಮೊದಲು ನೋಡಿ. "ಐದೇ ನಿಮಿಷ" ಅಂತ ಬರೆದಿರುತ್ತಾರೆ. ಅದು ಅವರ ಐದು ನಿಮಿಷ. ಮಂಡಿ ನೋವಿನ ನಮ್ಮ ಅತ್ತೆಯವರ ಲೆಕ್ಕದಲ್ಲಿ ಅದು ಹದಿನೈದು.

ಮೊದಲು ನಾವು ದುಬೈಗೆ ಅಂಟಿಕೊಂಡ ಶಾರ್ಜಾದ ಹೋಟೆಲ್‌ಗಳನ್ನೂ ನೋಡಿದ್ದೆವು. ಬಾಡಿಗೆ ಕಡಿಮೆ, ರೂಮು ದೊಡ್ಡದು. ಕರಾಮಾದಲ್ಲಿರುವ ನನ್ನ ಕಾಲೇಜು ಗೆಳತಿ, ಪುತ್ತೂರಿನವಳು, ಫೋನಿನಲ್ಲೇ ನಕ್ಕಳು. "ಮಾರಾಯ್ತಿ, ಶಾರ್ಜಾದಲ್ಲಿ ಉಳಿದು ದುಬೈ ನೋಡ್ತೇನೆ ಅಂದ್ರೆ ಆಗ್ಲಿಕ್ಕಿಲ್ಲ. ಅರ್ಧ ದಿನ ರೋಡಲ್ಲೇ ಕೂರ್ಬೇಕಷ್ಟೆ." ಅವಳು ಹೇಳಿದ್ದು ನಿಜ. ಬೆಳಿಗ್ಗೆ, ಸಂಜೆ ಆ ರಸ್ತೆಯಲ್ಲಿ ವಾಹನ ತೆವಳುತ್ತವೆ. ಶಾರ್ಜಾಕ್ಕೆ ಮೆಟ್ರೋ ಇಲ್ಲ. ದುಬೈ ಟ್ಯಾಕ್ಸಿ ಶಾರ್ಜಾಕ್ಕೆ ಬಂದರೆ ಮೀಟರ್ ಮೇಲೆ 20 ದಿರ್ಹಮ್ ಜಾಸ್ತಿ. ಸಾಲಿಕ್ ಅನ್ನುವ ಟೋಲ್ ಬೇರೆ. ನಾವು ಹೋದಾಗ ಒಂದು ದಿರ್ಹಮ್‌ಗೆ 23 ರೂಪಾಯಿ ಆಸುಪಾಸು ಇತ್ತು. ರೂಮಿನಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಸರಿಹೋಗುತ್ತದೆ.

ಅವಳ ಇನ್ನೊಂದು ಮಾತನ್ನು ಕೇಳಲಿಲ್ಲ, ಅದಕ್ಕೆ ಪೆಟ್ಟು ತಿಂದೆವು. ದೇರಾದಲ್ಲಿ ತ್ರೀ ಸ್ಟಾರ್ ಹೋಟೆಲ್ ಒಂದು ಅಗ್ಗಕ್ಕೆ ಸಿಕ್ಕಿತು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅನ್ನುವ ರೇಟು. ಮೂರು ರಾತ್ರಿಗೆ ಎರಡು ರೂಮಿನ ದುಡ್ಡು ಕಟ್ಟಿಬಿಟ್ಟೆವು. ಅವಳು ಕೇಳಿದ್ದು ಒಂದೇ: "ಕೆಳಗೆ ಕ್ಲಬ್ ಉಂಟಾ ನೋಡಿದ್ಯಾ?" ನೋಡಿರಲಿಲ್ಲ. ದೇರಾ, ಬರ್ ದುಬೈಯ ಎಷ್ಟೋ ತ್ರೀ ಸ್ಟಾರ್ ಹೋಟೆಲ್‌ಗಳಲ್ಲಿ ನೆಲ ಅಂತಸ್ತಿನಲ್ಲೋ ಮೇಲಿನ ಅಂತಸ್ತಿನಲ್ಲೋ ಬಾರು, ಡ್ಯಾನ್ಸ್ ಕ್ಲಬ್ ಇರುತ್ತವೆ. ನಮ್ಮದರಲ್ಲಿ ಎರಡು ಇದ್ದವು. ರಾತ್ರಿ ಹನ್ನೊಂದಕ್ಕೆ ಶುರುವಾದ ದಬ್ ದಬ್ ಸದ್ದು ಮೂರು ಗಂಟೆವರೆಗೂ ನಿಲ್ಲಲಿಲ್ಲ. ಮಂಚವೇ ನಡುಗುತ್ತಿತ್ತು. ಮಗ ಎದ್ದು ಕೂತು, "ಅಮ್ಮ, ಗಣಪತಿ ಬಿಡ್ತಿದಾರಾ?" ಅಂತ ಕೇಳಿದ. ಒಳಗೇ ಬಾಗಿಲು ಇರುವ ಜೋಡಿ ರೂಮು ಕೊಡುತ್ತೇವೆ ಅಂದವರು, ಒಂದು ರೂಮನ್ನು ಎರಡನೇ ಅಂತಸ್ತಿನಲ್ಲಿ, ಇನ್ನೊಂದನ್ನು ಐದನೆಯದರಲ್ಲಿ ಕೊಟ್ಟಿದ್ದರು. ಲಿಫ್ಟಿನಲ್ಲಿ ಕ್ಲಬ್ಬಿಗೆ ಹೋಗುವವರ ಜೊತೆ ಅತ್ತೆಯವರು ಸೆರಗು ಬಿಗಿ ಹಿಡಿದು ನಿಂತದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಎರಡು ರಾತ್ರಿ ತಡೆದೆವು. ಮೂರನೆಯದರ ದುಡ್ಡು ಅಲ್ಲೇ ಬಿಟ್ಟು ಹೊರಟೆವು.

ಹಾಗಂತ ದೇರಾ ಕೆಟ್ಟ ಜಾಗ ಅಲ್ಲ. ಚಿನ್ನದ ಸೂಕ್ (ಅಂದರೆ ಪೇಟೆ), ಮಸಾಲೆ ಸೂಕ್ ಎಲ್ಲ ಅಲ್ಲೇ. ಸಂಸಾರ ಸಮೇತ ಹೋಗುವವರಿಗೆ ಒಳ್ಳೆಯ ಹೋಟೆಲ್‌ಗಳೂ ಇವೆ. ಬುಕ್ ಮಾಡುವ ಮುಂಚೆ ಹೋದವರ ಅನಿಸಿಕೆಗಳಲ್ಲಿ 'ನಾಯ್ಸ್', 'ಮ್ಯೂಸಿಕ್', 'ಕ್ಲಬ್' ಅನ್ನುವ ಪದ ಹುಡುಕಿ. ಒಟ್ಟು ಅಂಕ ಎಂಟೋ ಒಂಬತ್ತೋ ಇದೆ ಅಂತ ನಂಬಬೇಡಿ. ಕ್ಲಬ್ಬಿಗೇ ಬಂದವರೂ ಅಂಕ ಕೊಟ್ಟಿರುತ್ತಾರೆ ಅಲ್ವಾ?

ಗೆಳತಿ ಮೊದಲಿನಿಂದ ಹೇಳುತ್ತಿದ್ದದ್ದು ಹೋಟೆಲ್ ಅಪಾರ್ಟ್‌ಮೆಂಟ್. ಬರ್ ದುಬೈನಲ್ಲಿ, ಬುರ್ಜುಮಾನ್ ಮೆಟ್ರೋ ಸ್ಟೇಷನ್‌ಗೆ ಹತ್ತಿರ, ಎರಡು ಬೆಡ್‌ರೂಮಿನದು ಒಂದು ಸಿಕ್ಕಿತು. ನಾಲ್ಕು ರಾತ್ರಿ ಅಲ್ಲಿದ್ದೆವು. ಹೊರಗಿನಿಂದ ನೋಡಿದರೆ ಯಾವುದೋ ಸಾದಾ ಕಟ್ಟಡ. ಒಳಗೆ ಹಾಲು, ಅಡಿಗೆಮನೆ, ಫ್ರಿಜ್ಜು, ಒಲೆ, ಬಟ್ಟೆ ಒಗೆಯುವ ಮಷಿನ್ನು. ಬಾರು ಇಲ್ಲ. ಒಂದೇ ಬಾಗಿಲ ಹಿಂದೆ ಆರೂ ಜನ. ದೊಡ್ಡ ಹೋಟೆಲ್‌ಗಳಲ್ಲಿ ಒಂದು ರೂಮಿಗೆ ಸಾಮಾನ್ಯವಾಗಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಇಲ್ಲಾಂದ್ರೆ ಮೂವರು ದೊಡ್ಡವರು. ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ ಎರಡು ರೂಮು ಖಂಡಿತ. ಆಗ ಅಪಾರ್ಟ್‌ಮೆಂಟೇ ಲೆಕ್ಕಕ್ಕೆ ಬರುತ್ತದೆ.

ಅಡಿಗೆಮನೆ ಅಂದರೆ ರಜೆಯಲ್ಲೂ ನಾನೇ ಬೇಯಿಸಬೇಕಾ ಅಂತ ಮುಖ ಸಿಂಡರಿಸಬೇಡಿ. ನಾನು ಬೇಯಿಸಿದ್ದು ಒಂದು ದಿನ ಅನ್ನ, ಅದೂ ಮೊಸರನ್ನಕ್ಕೆ. ಆದರೆ ಬೆಳಿಗ್ಗೆ ಐದಕ್ಕೇ ಎಚ್ಚರವಾಗುವ ಮಾವನವರು ತಾವೇ ಕಾಫಿ ಮಾಡಿಕೊಂಡರು. ನಮ್ಮ ಸಮಯಕ್ಕಿಂತ ದುಬೈ ಒಂದೂವರೆ ಗಂಟೆ ಹಿಂದೆ. ಅವರ ದೇಹ ಏಳೂ ದಿನ ಹಾಸನದ ಗಡಿಯಾರದಲ್ಲೇ ಇತ್ತು. ಹೋಟೆಲ್‌ನಲ್ಲಾಗಿದ್ದರೆ ಬ್ರೇಕ್‌ಫಾಸ್ಟ್ ತೆರೆಯುವವರೆಗೆ ಬಾಗಿಲು ನೋಡುತ್ತಾ ಕೂರಬೇಕಿತ್ತು. ಮನೆಯಿಂದ ತಂದ ಸ್ಟೀಲ್ ಫಿಲ್ಟರ್ ಆ ಕಿಚನ್ ಕಟ್ಟೆಯ ಮೇಲೆ ರಾಜನ ಹಾಗೆ ಕೂತಿತ್ತು. ಹಾಲು, ಮೊಸರು, ಬಾಳೆಹಣ್ಣು, ನೀರಿನ ಕ್ಯಾನು ಬೇಕಂದ್ರೆ ಕೆಳಗೆ ಕೇರಳದವರ ಗ್ರೋಸರಿ. ಫೋನ್ ಮಾಡಿದರೆ ಮೇಲಕ್ಕೇ ತಂದುಕೊಡುತ್ತಿದ್ದರು.

ಹೊರಗೆ ಊಟಕ್ಕೂ ಬರ್ ದುಬೈ, ಕರಾಮಾ ಬಿಟ್ಟರೆ ಇಲ್ಲ. ಮೀನಾ ಬಜಾರ್ ಸುತ್ತ ಸಸ್ಯಾಹಾರದ ಹೋಟೆಲ್‌ಗಳು ಸಾಲಾಗಿವೆ. ಕರಾಮಾದಲ್ಲಿ ಎಂಟಿಆರ್ ಇದೆ, ಶರವಣ ಭವನ ಇದೆ. ಪರದೇಶಕ್ಕೆ ಬಂದು ರವೆ ಇಡ್ಲಿ ತಿನ್ನೋದಾ ಅಂತ ಮಗಳು ರೇಗಿಸಿದಳು. ಅತ್ತೆಯವರು ತಿರುಗಿ ಒಂದು ಮಾತೂ ಆಡದೆ ಎರಡನೇ ಪ್ಲೇಟ್ ಹೇಳಿದರು. ಇಲ್ಲಿ ಇನ್ನೊಂದು ಅನುಕೂಲ: ಡೆಸರ್ಟ್ ಸಫಾರಿಯ ಗಾಡಿ ಮಧ್ಯಾಹ್ನ ಹೋಟೆಲ್ ಬಾಗಿಲಿಗೇ ಬಂತು. ಆರು ಜನಕ್ಕೆ ಒಂದು ಗಾಡಿ ಸರಿಯಾಗಿ ಆಯಿತು. ನಾಲ್ಕು ವರ್ಷದವನನ್ನೂ ಮಂಡಿ ನೋವಿನವರನ್ನೂ ಕರೆದೊಯ್ಯುತ್ತಿದ್ದರೆ, ಮರಳ ದಿಬ್ಬದ ಮೇಲೆ ಹಾರಿಸುವ ಭಾಗ ಬೇಡ, ನೇರ ಕ್ಯಾಂಪಿಗೆ ಬಿಡಿ ಅಂತ ಮೊದಲೇ ಹೇಳಿ.

ಮೆಟ್ರೋದಲ್ಲಿ ಬುರ್ಜುಮಾನ್‌ನಿಂದ ದುಬೈ ಮಾಲ್ ಸ್ಟೇಷನ್ ಕಾಲು ಗಂಟೆ ಅಷ್ಟೆ. ಮೋಸ ಇರುವುದು ಆಮೇಲೆ. ಸ್ಟೇಷನ್‌ನಿಂದ ಮಾಲ್‌ಗೆ ಎಸಿ ಹಾಕಿದ 820 ಮೀಟರ್ ಉದ್ದದ ಸೇತುವೆ ದಾರಿ. ನಡುನಡುವೆ ಚಲಿಸುವ ಪಟ್ಟಿ ಇದ್ದರೂ ನಡಿಗೆ ತಪ್ಪುವುದಿಲ್ಲ. ಅದಾದ ಮೇಲೆ ಮಾಲ್ ಒಳಗೆ ಇನ್ನೊಂದು ಊರು. ವಯಸ್ಸಾದವರಿದ್ದರೆ ಆ ಒಂದು ದಿನ ಟ್ಯಾಕ್ಸಿಯಲ್ಲಿ ಹೋಗಿ. ಮಾಮೂಲಿ ಟ್ಯಾಕ್ಸಿಗೆ ನಾಲ್ಕೇ ಜನ. ಆರು ಜನ ಇದ್ದರೆ ದೊಡ್ಡ ಗಾಡಿ ಕೇಳಬೇಕು, ಕಾಯಬೇಕು. ಮೆಟ್ರೋಗೆ ಐದು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ, ಉಳಿದವರಿಗೆ ತಲೆಗೊಂದು ನೋಲ್ ಅನ್ನುವ ಪ್ರಯಾಣದ ಕಾರ್ಡ್. ಹೆಂಗಸರು ಮಕ್ಕಳ ಬೋಗಿಗೆ ನೆಲದ ಮೇಲೆ ಗೆರೆ ಎಳೆದಿರುತ್ತಾರೆ. ಗಂಡಸರು ಆ ಗೆರೆ ದಾಟಿದರೆ 100 ದಿರ್ಹಮ್ ದಂಡ. ಮಾವನವರು ಮೊಮ್ಮಗನ ಹಿಂದೆ ದಾಟಿದ್ದರು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ತಕ್ಷಣ ಹಿಂದಕ್ಕೆ ಕಳಿಸಿ ಉಳಿಸಿದರು. ರೈಲಿನಲ್ಲಿ ನೀರು ಕುಡಿಯುವಂತಿಲ್ಲ, ಚಾಕೊಲೇಟ್ ಕೂಡ ತಿನ್ನುವಂತಿಲ್ಲ. ಮಗನಿಗೆ ಇದನ್ನು ಒಪ್ಪಿಸಲು ದಿನಾ ಒಂದು ಕಥೆ ಹೇಳಬೇಕಾಯಿತು.

ಈಗ ದುಡ್ಡಿನ ವಿಷಯ. ಇಲ್ಲಿ ಕಣ್ಣು ಬಿಟ್ಟುಕೊಂಡು ನೋಡಿ. ಕೆಲವು ಕಡೆ ಮೊದಲ ಪುಟದಲ್ಲಿ ತೋರಿಸುವ ಬಾಡಿಗೆಗೆ ತೆರಿಗೆ ಸೇರಿರುವುದಿಲ್ಲ. ಶೇಕಡಾ 10 ಸರ್ವಿಸ್ ಚಾರ್ಜ್, ಶೇಕಡಾ 7 ಮುನಿಸಿಪಾಲಿಟಿ ಶುಲ್ಕ, ಶೇಕಡಾ 5 ವ್ಯಾಟ್ ಸೇರಿ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಏರಿರುತ್ತದೆ. ಅದರ ಮೇಲೆ 2014ರಿಂದ ಟೂರಿಸಂ ದಿರ್ಹಮ್ ಅಂತ ಒಂದಿದೆ. ಫೈವ್ ಸ್ಟಾರ್‌ನಲ್ಲಿ ರೂಮಿಗೆ ದಿನಕ್ಕೆ 20, ಫೋರ್ ಸ್ಟಾರ್‌ನಲ್ಲಿ 15, ತ್ರೀ ಸ್ಟಾರ್‌ನಲ್ಲಿ 10 ದಿರ್ಹಮ್. ಅಪಾರ್ಟ್‌ಮೆಂಟ್‌ನಲ್ಲಿ ಬೆಡ್‌ರೂಮ್ ಲೆಕ್ಕ. ಎರಡಿದ್ದರೆ ಎರಡು ಪಾಲು. ಇದನ್ನು ಸಾಮಾನ್ಯವಾಗಿ ಹೋಟೆಲ್‌ನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಮೋಸ ಮಾಡುತ್ತಿದ್ದಾರೆ ಅಂತ ರಿಸೆಪ್ಷನ್‌ನಲ್ಲಿ ಜಗಳಕ್ಕೆ ನಿಲ್ಲಬೇಡಿ. ನಮ್ಮವರು ನಿಂತಿದ್ದರು, ಆಮೇಲೆ ಸುಮ್ನೆ ಕಟ್ಟಿ ಬಂದರು.

ಡೆಪಾಸಿಟ್ ಇನ್ನೊಂದು ತಲೆನೋವು. ಒಳಗೆ ಹೋಗುವಾಗ ಕಾರ್ಡಿನಲ್ಲಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ. ಬಿಡುಗಡೆ ಆಗಿ ನಮ್ಮ ಖಾತೆಗೆ ಕಾಣಲು ಹದಿನೈದು ದಿನ ಹಿಡಿಯಿತು. ಖರ್ಚಿಗೆ ಇಟ್ಟುಕೊಂಡ ಕಾರ್ಡ್ ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ. ಇನ್ನು ವೀಸಾಕ್ಕೆ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಕೇಳುತ್ತಾರೆ. ಅದಕ್ಕಾಗಿ ಅವಸರದಲ್ಲಿ ದುಡ್ಡು ವಾಪಸ್ ಬಾರದ ರೇಟು ಹಿಡಿಯಬೇಡಿ. ನಾಲ್ಕು ಕಾಸು ಜಾಸ್ತಿಯಾದರೂ ಕ್ಯಾನ್ಸಲ್ ಮಾಡಬಹುದಾದದ್ದನ್ನೇ ಹಿಡಿಯಿರಿ.

ವಿಮಾನದ ಸಮಯವೂ ಹೋಟೆಲ್ ಲೆಕ್ಕದಲ್ಲೇ ಬರಬೇಕು. ನಾವು ಬೆಳಗಿನ ಜಾವ ಹೊರಟು ಅಲ್ಲಿಯ ಏಳು ಗಂಟೆಗೆ ಇಳಿದೆವು. ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೆ. ರಾತ್ರಿ ನಿದ್ದೆಗೆಟ್ಟ ಮಕ್ಕಳು, ಊದಿದ ಕಾಲಿನ ಅತ್ತೆ. ಸೂಟ್‌ಕೇಸ್‌ಗಳನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಕ್ರೀಕ್ ದಡಕ್ಕೆ ಹೋದೆವು. ಅಬ್ರಾ ಅನ್ನುವ ಮರದ ದೋಣಿಯಲ್ಲಿ ಆ ದಡಕ್ಕೆ ತಲೆಗೆ ಒಂದೇ ದಿರ್ಹಮ್. ದೋಣಿಯವನ ಕೈಗೇ ಕೊಡಬೇಕು. ನವೆಂಬರ್ ಬೆಳಗಿನ ಗಾಳಿ, ನೀರಿನ ಮೇಲೆ ಹಕ್ಕಿಗಳು. ಇಡೀ ಪ್ರವಾಸದಲ್ಲಿ ಅತ್ತೆಯವರಿಗೆ ಜಾಸ್ತಿ ಹಿಡಿಸಿದ್ದು ಇದೇ. ಆದರೂ ನಿಮಗೆ ಆಯ್ಕೆ ಇದ್ದರೆ ಮಧ್ಯಾಹ್ನ ಇಳಿಯುವ ವಿಮಾನ ನೋಡಿ. ಟರ್ಮಿನಲ್ 1, 3ರಲ್ಲಿ ಮೆಟ್ರೋ ಬಾಗಿಲಲ್ಲೇ ಇದೆ. ಟರ್ಮಿನಲ್ 2ರಲ್ಲಿ ಇಲ್ಲ.

ಕೊನೆಯ ರಾತ್ರಿ ಜೆಬಿಆರ್ ಬೀಚ್ ಎದುರಿನ ದೊಡ್ಡ ಹೋಟೆಲ್‌ನಲ್ಲಿ. ಮಕ್ಕಳಿಗೆ ಕೊಟ್ಟ ಮಾತು ಅದು. ಎರಡು ರೂಮಿಗೆ ಅಪಾರ್ಟ್‌ಮೆಂಟಿನ ಮೂರು ದಿನದ ಬಾಡಿಗೆ ಹೋಯಿತು. ಆದರೆ ಮಕ್ಕಳು ಈಜುಕೊಳದಿಂದ ಏಳಲೇ ಇಲ್ಲ, ಹಾಗಾಗಿ ಬೇಜಾರಿಲ್ಲ. ಇಲ್ಲಿ ಪದಗಳನ್ನು ಬಿಡಿಸಿ ಓದಿ. 'ಸೀ ವ್ಯೂ' ಅಂದರೆ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಅಷ್ಟೇ. 'ಪ್ರೈವೇಟ್ ಬೀಚ್' ಅಂದರೆ ಹೋಟೆಲ್‌ನದೇ ದಡ, ಕುರ್ಚಿ, ಕೊಡೆ. ಜೆಬಿಆರ್ ಬೀಚ್ ಹೇಗೂ ಎಲ್ಲರಿಗೂ ತೆರೆದದ್ದು. ಬರ್ ದುಬೈನಿಂದ ಮೆಟ್ರೋ, ಆಮೇಲೆ ಟ್ರಾಮ್ ಹಿಡಿದು ಬಂದು ಆಡಿ ಹೋಗಬಹುದು. ಹಾಗಾಗಿ ಬೀಚ್ ಹೋಟೆಲ್‌ಗೆ ದುಡ್ಡು ಕೊಡುವುದು ಈಜುಕೊಳಕ್ಕೆ ಅಂತ ತಿಳಿದುಕೊಂಡೇ ಕೊಡಿ. ಈಜುಡುಗೆ ಇಲ್ಲದೆ ನೀರಿಗೆ ಬಿಡುವುದಿಲ್ಲ. ಮಾವನವರ ಪಂಚೆಗೆ ಅಲ್ಲಿ ಪ್ರವೇಶ ಸಿಗಲಿಲ್ಲ. ಚಳಿಗಾಲದಲ್ಲಿ ಕೊಳದ ನೀರು ಬೆಚ್ಚಗಿಡುತ್ತಾರಾ ಅಂತಲೂ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಇದೇ ಹೋಟೆಲ್‌ಗಳ ಬಾಡಿಗೆ ತುಂಬಾ ಇಳಿಯುತ್ತದೆ. ಆದರೆ ಜುಲೈ, ಆಗಸ್ಟ್‌ನಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಮೈಗೆ ಅಂಟುವ ಸೆಕೆ. ನಾನಂತೂ ಹೋಗೆನು.

ಅಡಿಗೆಮನೆ ಇದೆ ಅಂತ ಊರಿಂದ ಪುಡಿ, ಮಸಾಲೆ ಕಟ್ಟಿಕೊಂಡು ಹೋಗುವವರಿಗೆ ಒಂದು ಎಚ್ಚರಿಕೆ. ಗಸಗಸೆ ಅಲ್ಲಿ ನಿಷಿದ್ಧ. ಒಂದು ಚಮಚ ಕೂಡ ಬೇಡ. ಗಸಗಸೆ ಹಾಕಿದ ಮಸಾಲೆಪುಡಿಯೂ ಬೇಡ. ದೊಡ್ಡವರ ಮಾತ್ರೆಗಳಿಗೆ ಡಾಕ್ಟರ ಚೀಟಿ ಜೊತೆಗಿರಲಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳಿಗೆ ಅಲ್ಲಿ ಬಿಗಿ ಕಾನೂನು. ಪ್ಲಗ್‌ಗಳು ಚಪ್ಪಟೆ ಮೂರು ಪಿನ್ನಿನವು, ಅಡಾಪ್ಟರ್ ಇಟ್ಟುಕೊಳ್ಳಿ.

ನಾವು ಮಾಡಿದ ಇನ್ನೊಂದು ತಪ್ಪು ಬೀಚನ್ನು ಕೊನೆಗೆ ಇಟ್ಟಿದ್ದು. ಅಲ್ಲಿಂದ ವಿಮಾನ ನಿಲ್ದಾಣ ಹತ್ತಿರ ಹತ್ತಿರ 35 ಕಿಲೋಮೀಟರ್. ಮಧ್ಯಾಹ್ನ ಹನ್ನೆರಡಕ್ಕೆ ರೂಮು ಖಾಲಿ, ವಿಮಾನ ರಾತ್ರಿ. ಬೀಚ್ ಮೊದಲು ಮುಗಿಸಿ, ಕೊನೆಗೆ ಬರ್ ದುಬೈಗೆ ಬಂದಿದ್ದರೆ ಸೂಟ್‌ಕೇಸ್ ಅಲ್ಲೇ ಬಿಟ್ಟು ಮೀನಾ ಬಜಾರಿನಲ್ಲಿ ಸಂಜೆ ಕಳೆಯಬಹುದಿತ್ತು. ಸಾಲದ್ದಕ್ಕೆ ಮಧ್ಯಾಹ್ನ ಮಾವನವರು ಬ್ಯಾಗೆಲ್ಲ ತಡಕಿ, "ಫಿಲ್ಟರ್ ಎಲ್ಲಮ್ಮಾ?" ಅಂದರು. ಬರ್ ದುಬೈನ ಕಿಚನ್ ಕಟ್ಟೆಯ ಮೇಲೆ! ಏರ್‌ಪೋರ್ಟಿಗೆ ಹೋಗುವಾಗ ದೊಡ್ಡ ಟ್ಯಾಕ್ಸಿಯನ್ನು ಅತ್ತ ತಿರುಗಿಸಿದೆವು. ಮೀಟರ್ ಓಡುತ್ತಲೇ ಇತ್ತು. ಕೆಳಗಿನ ಸೆಕ್ಯುರಿಟಿಯವನು ಡ್ರಾಯರ್‌ನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಕೊಟ್ಟ. ಮೇಲೆ ರೂಮ್ ನಂಬರ್ ಬರೆದಿದ್ದ. ಫಿಲ್ಟರ್ ತೊಳೆದು ಒರೆಸಿತ್ತು.