ಹೊಸದೋ, ಉಳಿದದ್ದೋ?

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಯಾವ ಸ್ಲೈಡ್ ಇಟ್ಟರೂ ಕೇಳುತ್ತಿದ್ದುದು ಒಂದೇ: "ಇದು ಅದೇ ಅಂತ ಹೇಗೆ ಹೇಳ್ತೀಯಪ್ಪಾ?" ಕೋಳಿಮರಿಯ ಒಳಕಿವಿಯಲ್ಲಿ ರೋಮಕೋಶ, ಅಂದರೆ ಶಬ್ದವನ್ನು ಗ್ರಹಿಸುವ ಕೋಶ, ಎಣಿಸುವವರಿಗೆ ದಿನವೂ ಎದುರಾಗುವ ಪ್ರಶ್ನೆ ಇದೇ. ಹಾಗಾಗಿ ಮೇಷ್ಟ್ರ ನೆನಪಿಗೆ ಆ ಎಣಿಕೆಯ ಕೆಲಸವನ್ನೇ ಬರೆಯುತ್ತಿದ್ದೇನೆ.

ಜೆಂಟಾಮೈಸಿನ್, ಕ್ಯಾನಮೈಸಿನ್‌ನಂಥ ಆ್ಯಂಟಿಬಯೋಟಿಕ್ ಔಷಧಿಗಳಿಂದ ನಮ್ಮ ಕಿವಿಯ ರೋಮಕೋಶ ಸತ್ತರೆ ಮತ್ತೆ ಬರುವುದಿಲ್ಲ. ಹಕ್ಕಿಗಳಲ್ಲಿ ಬರುತ್ತವೆ. 1987ರಲ್ಲಿ ಕ್ರೂಜ್, ಲ್ಯಾಂಬರ್ಟ್, ರೂಬೆಲ್ ಅವರು ಜೆಂಟಾಮೈಸಿನ್ ಪಡೆದ ಕೋಳಿಮರಿಗಳಲ್ಲಿ ರೋಮಕೋಶಗಳ ಸಂಖ್ಯೆ ದಿನ ಕಳೆದಂತೆ ಏರುವುದನ್ನು ತೋರಿಸಿದರು. ಅವು ನಿಜಕ್ಕೂ ಹೊಸದಾಗಿ ಹುಟ್ಟಿದವು ಎಂಬುದನ್ನು ಮರುವರ್ಷ ವಿಕಿರಣಶೀಲ ಥೈಮಿಡಿನ್ ಗುರುತು ಖಚಿತಪಡಿಸಿತು; ವಿಭಜನೆಗೆ ಮುನ್ನ ನಕಲಾಗುವ ಡಿಎನ್‌ಎಯಲ್ಲಿ ಈ ಗುರುತು ಸೇರಿಕೊಳ್ಳುತ್ತದೆ. ಮರುವರ್ಷದ ಆ ಪ್ರಯೋಗಗಳಲ್ಲಿ ಕಿವಿಗೆ ಪೆಟ್ಟು ಕೊಟ್ಟದ್ದು ಔಷಧಿಯಲ್ಲ, ಭಾರೀ ಶಬ್ದ. ಹಕ್ಕಿಗಳು ಕೋಳಿ ಮತ್ತು ಲಾವುಗೆ.

ಔಷಧಿಯಿಂದ ರೋಮಕೋಶ ಸಾಯಿಸಲು ಕಿಲೋ ತೂಕಕ್ಕೆ 300 ಮಿ.ಗ್ರಾಂ. ಜೆಂಟಾಮೈಸಿನ್ ಒಂದೇ ಸಲ ಚುಚ್ಚುವುದು ರೂಢಿಯ ಕ್ರಮಗಳಲ್ಲೊಂದು. ನೂರು ಗ್ರಾಂ ಮರಿಗೆ 30 ಮಿ.ಗ್ರಾಂ. ಅಂದಾಜು ಸಲ್ಲದು, ಪ್ರತಿ ಮರಿಯನ್ನೂ ಅಂದೇ ತೂಗಬೇಕು. ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಕಡಿಮೆಯಾದರೆ ಹಳೆಯ ಕೋಶಗಳು ಅಲ್ಲಲ್ಲಿ ಉಳಿದು ಎಣಿಕೆಯನ್ನೇ ಕೆಡಿಸುತ್ತವೆ. ಹಕ್ಕಿಯ ಕಾಕ್ಲಿಯಾ (ಒಳಕಿವಿಯ ಕೇಳುವ ಅಂಗ) ನಮ್ಮದರಂತೆ ಸುರುಳಿಯಲ್ಲ, ತುಸು ಬಾಗಿದ ಬಾಳೆಕಾಯಿಯ ಆಕಾರ. ಹಾನಿ ಶುರುವಾಗುವುದು ತಾರಸ್ವರ ಕೇಳಿಸುವ ಬುಡದ ತುದಿಯಿಂದ. ಸಾಯುವ ಕೋಶಗಳು ಮೇಲ್ಮೈಯಿಂದ ಹೊರದೂಡಲ್ಪಡುತ್ತವೆ. ಮೂರನೆಯ ದಿನದ ಹೊತ್ತಿಗೆ ರೋಮಕೋಶಗಳಿಗೆ ಆಸರೆಯಾಗಿರುವ ಪಕ್ಕದ ಆಧಾರಕೋಶಗಳು ವಿಭಜನೆಗೆ ತೊಡಗಿರುತ್ತವೆ.

ತೊಡಕಿರುವುದು ಇಲ್ಲೇ. ಕೆಲವು ಆಧಾರಕೋಶಗಳು ವಿಭಜನೆಯಾಗದೆ ನೇರವಾಗಿ ರೋಮಕೋಶಗಳಾಗಿ ಬದಲಾಗುತ್ತವೆ. ಡಿಎನ್‌ಎ ನಕಲಾಗದ ಕಾರಣ ಬಿಆರ್‌ಡಿಯು (ಥೈಮಿಡಿನ್‌ನಂತೆಯೇ ಹೊಸ ಡಿಎನ್‌ಎಗೆ ಸೇರುವ ರಾಸಾಯನಿಕ) ಗುರುತು ಅವುಗಳಿಗೆ ಹತ್ತುವುದಿಲ್ಲ. ಎರಡು ವಾರದ ನಂತರ ಗುರುತಿಲ್ಲದ ಕೋಶ ಕಂಡರೆ ಅದು ಹೀಗೆ ಬದಲಾದದ್ದೋ, ಔಷಧಿಗೆ ಸಾಯದೆ ಉಳಿದದ್ದೋ? ಅದಕ್ಕೇ ಮರಿಗಳ ಪ್ರತಿ ತಂಡದಿಂದ ಕೆಲವು ಕಿವಿಗಳನ್ನು ಮೊದಲ ದಿನಗಳಲ್ಲೇ ತೆಗೆದು, ಬುಡದ ತುದಿ ಬರಿದಾಗಿದೆಯೇ ಎಂದು ನೋಡಲೇಬೇಕು. ಆ ಹೋಲಿಕೆಯಿಲ್ಲದ ಎಣಿಕೆಯನ್ನು ನಾನಂತೂ ನಂಬುವುದಿಲ್ಲ.

ಬಣ್ಣ ಹಾಕುವುದರಲ್ಲೂ ಎಚ್ಚರ ಬೇಕು. ಬಿಆರ್‌ಡಿಯು ದೇಹದಲ್ಲಿ ಕೆಲವೇ ಗಂಟೆ ನಿಲ್ಲುತ್ತದೆ. ಒಂದೇ ಚುಚ್ಚುಮದ್ದಿಗೆ ಬಹಳಷ್ಟು ವಿಭಜನೆಗಳು ತಪ್ಪಿಹೋಗುತ್ತವೆ. ಅದನ್ನು ಕಾಣಿಸಲು ಅಂಗಾಂಶವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಡಬೇಕು. ಆಮ್ಲ ತಾಗಿದ ಮೇಲೆ ಕೋಶದ ತಲೆಯ ಮೇಲಿನ ರೋಮಗುಚ್ಛಕ್ಕೆ, ಅದನ್ನು ಕಾಣಿಸುವ ಬಣ್ಣವಾದ ಫ್ಯಾಲಾಯ್ಡಿನ್ ಹಿಡಿಯುವುದಿಲ್ಲ. ಇಡಿಯು ಎಂಬ ಇನ್ನೊಂದು ಅಂಥದೇ ಗುರುತನ್ನು ಬಳಸಿದರೆ ಆಮ್ಲ ಬೇಡ, ಆದರೆ ಅದನ್ನು ಕಾಣಿಸಲು ಬಳಸುವ ತಾಮ್ರ ಫ್ಯಾಲಾಯ್ಡಿನ್‌ಗೆ ಶತ್ರು. ಇಡಿಯು ಕೆಲಸ ಮುಗಿಸಿ, ಚೆನ್ನಾಗಿ ತೊಳೆದು, ಆಮೇಲೆ ಫ್ಯಾಲಾಯ್ಡಿನ್ ಹಾಕಬೇಕು. ರೋಮಕೋಶಗಳನ್ನು ಮೇಲಿನಿಂದ ಮುಚ್ಚಿರುವ ಟೆಕ್ಟೋರಿಯಲ್ ಪೊರೆಯನ್ನು ಸೂಕ್ಷ್ಮ ಚಿಮಟದಿಂದ ದ್ರವದೊಳಗೇ ಬಿಡಿಸಬೇಕು. ಒಣಗಿಸಿ ಎಳೆದರೆ ರೋಮಗುಚ್ಛಗಳೂ ಕಿತ್ತು ಬರುತ್ತವೆ.

ಕೋಶ ಹುಟ್ಟಿದ ದಿನವೇ ಕಿವಿ ಕೇಳುವುದಿಲ್ಲ. ಅದಕ್ಕೆ ವಾರಗಳು ಬೇಕು. ಎಷ್ಟೋ ವಾರ ಕಳೆದ ಮೇಲೂ ತಾರಸ್ವರಗಳಲ್ಲಿ ಸ್ವಲ್ಪ ಕೊರತೆ ಉಳಿಯುತ್ತದೆ, ಹಾನಿ ಮೊದಲು ತಟ್ಟಿದ ಆ ಬುಡದ ತುದಿಯಲ್ಲೇ.