ಬೆಂಗಾವಲಿಗೆ ಎಷ್ಟು ಕೊಡಬೇಕು?

ಭಾನುವಾರ ರಾತ್ರಿ ಟ್ರಾವೆಲರ್ ಎಂಬ ಆಟ (ಮೇಜಿನ ಸುತ್ತ ಕೂತು ಬಾಹ್ಯಾಕಾಶ ಹಡಗಿನವರ ಪಾತ್ರ ವಹಿಸುವುದು) ಆಡುತ್ತಿದ್ದಾಗ ಭಾವ ಕೇಳಿದ ಪ್ರಶ್ನೆ ವಾರವಿಡೀ ತಲೆಯಲ್ಲೇ ಕೂತಿದೆ. "ಅಲ್ಲ ಮಾರಾಯ, ಗುರಿ ತಪ್ಪಿ ಯಾರಾದ್ರೂ ಸತ್ರೆ ಅದನ್ನು ಯಾವ ಲೆಕ್ಕಕ್ಕೆ ಬರಿತೀಯಾ?"

1977ರಲ್ಲಿ ಬಂದ ಈ ಆಟದಲ್ಲಿ ದಾಳಕ್ಕಿಂತ ಹೆಚ್ಚು ಹೆದರಿಸುವುದು ಖರ್ಚಿನ ಪಟ್ಟಿ. ನಮ್ಮದು ಫ್ರೀ ಟ್ರೇಡರ್ ಎಂಬ 200 ಟನ್ನಿನ ವರ್ತಕ ಹಡಗು. ಹಳೆಯ ನಿಯಮದ ಪ್ರಕಾರ ಬೆಲೆ 3 ಕೋಟಿ 70 ಲಕ್ಷದ 80 ಸಾವಿರ ಕ್ರೆಡಿಟ್ (ಆಟದ ದುಡ್ಡು), ಸಾಲದ ಕಂತು ತಿಂಗಳಿಗೆ 1,54,500, ಅದೂ 40 ವರ್ಷ. ಸರಕಿಗೆ ಜಾಗ 82 ಟನ್, ಟನ್ನಿಗೆ ಬಾಡಿಗೆ 1,000. ತಿಂಗಳಿಗೆ ಎರಡು ಟ್ರಿಪ್ ಭರ್ತಿ ಮಾಡಿಕೊಂಡು ಓಡಿಸಿದರೂ ಬರುವುದು 1,64,000. ಕಂತು ಕಳೆದರೆ ಕೈಗೆ 9,500. ಇಂಧನಕ್ಕೂ ಸಂಬಳಕ್ಕೂ ಪ್ರಯಾಣಿಕರ ಟಿಕೆಟ್ ದುಡ್ಡೇ ಗತಿ.

ಮುಂದಿನ ಊರಿನ ದಾರಿಯಲ್ಲಿ ದರೋಡೆಕೋರರಿದ್ದಾರೆ, ಬೆಂಗಾವಲು ಬೇಕು. ಬೆಂಗಾವಲು ಹಡಗಿನ ಕ್ಯಾಪ್ಟನ್ ಆಗಿ ಆಡುವ ಗೆಳೆಯ ನಿಜಜೀವನದಲ್ಲೂ ಲೆಕ್ಕ ಬಲ್ಲವನು. ಪ್ರಾಮಾಣಿಕ, ಆದರೆ ಅಂಕಿ ಕೂಡಿದ ತಕ್ಷಣ ಮಾತು ಮುಗಿಯಿತು ಅಂದುಕೊಳ್ಳುವ ಸ್ವಭಾವ. ಅವನ ಹಡಗು, 400 ಟನ್ನಿನ ಪ್ಯಾಟ್ರೋಲ್ ಕ್ರೂಸರ್ (ಗಸ್ತು ಹಡಗು), ಬೆಲೆ 22 ಕೋಟಿ ದಾಟುತ್ತದೆ, ತಿಂಗಳ ಕಂತೇ 9,21,000. ಹತ್ತು ವರ್ತಕ ಹಡಗು ಸೇರಿ ಹಂಚಿಕೊಂಡರೂ ಟ್ರಿಪ್ಪಿಗೆ ತಲಾ 46 ಸಾವಿರ, ಅಂದರೆ ನಮ್ಮ ಸರಕಿನ ಬಾಡಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ.

ಭಾವ ಅಲ್ಲೇ ತಡೆದರು. ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿ, ಕಡಲ್ಗಳ್ಳರ ಕಾಟವಿದ್ದ ಏಡನ್ ಕೊಲ್ಲಿ ದಾಟಿದವರು. ಆಟದಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವುದೇ ಜಂಪ್; ಜಂಪ್‌ನಲ್ಲಿರುವ ಒಂದು ವಾರ ಪ್ರತಿ ಹಡಗೂ ಒಂಟಿ, ಯಾರೂ ಮುಟ್ಟಲಾರರು, ಬೆಂಗಾವಲೂ ಜೊತೆಗಿರಲಾರದು. ಅಪಾಯವೆಲ್ಲ ಗ್ರಹದ ವ್ಯಾಸದ ನೂರು ಪಟ್ಟು ದೂರದೊಳಗೆ ಓಡುವ ಕೆಲವು ಗಂಟೆಗಳದ್ದು. "ಮಲಗಿದ್ದ ವಾರಕ್ಕೂ ನಾವ್ಯಾಕೆ ದುಡ್ಡು ಕೊಡ್ಬೇಕು? ನಮ್ಮ ಹಡಗಿಗೆ ಬಂದೂಕಿನವರು ಶ್ರೀಲಂಕಾದ ಗಾಲೆ ಹತ್ರ ಹತ್ತಿ ಕೆಂಪು ಸಮುದ್ರದಲ್ಲಿ ಇಳೀತಿದ್ರು" ಅಂದರು. ಈ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು, ದರ ಸರಸರನೆ ಇಳಿಯಿತು. ಗೆಳೆಯ ಸಂಬಳದ ಪಟ್ಟಿ ತೆಗೆದ: ಪೈಲಟ್‌ಗೆ 6,000, ಊಟ ಬಡಿಸುವ ಸ್ಟೂವರ್ಡ್‌ಗೆ 3,000, ಗನ್ನರ್‌ಗೆ 1,000. "ಗುಂಡು ಹೊಡೆಯೋನೇ ಎಲ್ಲರಿಗಿಂತ ಅಗ್ಗ" ಅಂದ. ಆಗ ಬಂತು ಭಾವನ ಆ ಪ್ರಶ್ನೆ. ದನಿ ಏರಿಸಲಿಲ್ಲ, ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು ಕೇಳಿದರು.

ಅವರ ಮನಸ್ಸಿನಲ್ಲಿದ್ದದ್ದು 2012ರ ಫೆಬ್ರವರಿ 15. ಎನ್ರಿಕಾ ಲೆಕ್ಸಿ ಎಂಬ ಇಟಲಿಯ ತೈಲ ಹಡಗಿನ ಕಾವಲಿಗಿದ್ದ ಆ ದೇಶದ ನೌಕಾಪಡೆಯ ಯೋಧರು, ಕಡಲ್ಗಳ್ಳರೆಂದು ಭಾವಿಸಿ ಹಾರಿಸಿದ ಗುಂಡಿಗೆ ಕೇರಳ ಕರಾವಳಿಯಾಚೆ ಸೇಂಟ್ ಆಂಟನಿ ದೋಣಿಯ ಇಬ್ಬರು ಮೀನುಗಾರರು ಸತ್ತರು. ಪರಿಹಾರ 10 ಕೋಟಿ ರೂಪಾಯಿ, ಸುಪ್ರೀಂ ಕೋರ್ಟು ಪ್ರಕರಣ ಮುಗಿಸಿದ್ದು 2021ರಲ್ಲಿ. ಎರಡು ಮನೆಗಳಿಗೆ ತಲಾ ನಾಲ್ಕು ಕೋಟಿ, ದೋಣಿ ಮಾಲೀಕರಿಗೆ ಎರಡು. ಅಷ್ಟು ವರ್ಷ ಆ ಮನೆಗಳು ಕಾದವು. ಬೆಂಗಾವಲಿನ ದರವನ್ನು ಕಾವಲು ಪಡೆಯುವವರು, ಕೊಡುವವರು ಕೂತು ಗೊತ್ತುಮಾಡುತ್ತಾರೆ. ನಡುವೆ ದೋಣಿಯಲ್ಲಿ ಬಲೆ ಬಿಡುತ್ತಿರುವವನನ್ನು ಯಾರೂ ಕೇಳುವುದಿಲ್ಲ. ಪ್ರಾಣಾಪಾಯದ ಪಾಲು ಮಾತ್ರ ಅವನಿಗೂ ಬರುತ್ತದೆ.

ಸರಕು ಉಳಿಸಲು ಬಂದೂಕು ತರುವವರು ಬಂದೂಕಿನಿಂದಾಗಬಹುದಾದ ಸಾವಿಗೂ ಮೊದಲೇ ದುಡ್ಡು ತೆಗೆದಿಡಬೇಕು. ಈ ವಿಷಯದಲ್ಲಿ ನಾನು ಪೂರ್ತಿ ಭಾವನ ಕಡೆ. ಹಾಗಾಗಿ ಹೊಸ ಕರಾರು ಬರೆದಿದ್ದೇನೆ: ಅಪಾಯದ ಗಂಟೆಗಳಿಗಷ್ಟೇ ಬಾಡಿಗೆ, ಗುಂಡು ಹಾರಿಸದೆ ದಾಟಿಸಿದರೆ ಮೇಲೆ ಬೋನಸ್, ಎರಡೂ ಕಡೆಯಿಂದ ಬಂದರಿನಲ್ಲಿ ಠೇವಣಿ.

ಓದಿ ಭಾವ ಕೇಳಿದರು, "ಠೇವಣಿ ಸರಿ. ತಪ್ಪಾಯ್ತು ಅಂತ ತೀರ್ಮಾನ ಮಾಡೋದು ಯಾರು?" ಸತ್ತವರ ಬಂದರಿನವರೇ ಅಂತ ಸೇರಿಸಿದೆ. ಅದಕ್ಕೆ ಸಹಿ ಹಾಕಲ್ಲ ಅಂತ ಗೆಳೆಯ ಪಟ್ಟು ಹಿಡಿದಿದ್ದಾನೆ. ಹಾಕದಿದ್ದರೆ ನಾವು ಸುತ್ತು ದಾರಿ ಹಿಡಿಯುತ್ತೇವೆ, ಒಂದು ಜಂಪ್ ಹೆಚ್ಚಾದರೂ, ಆ ತಿಂಗಳ ಕಂತು ತಪ್ಪಿದರೂ ಸರಿ.