ಪಿಸಿಎಂ ಯಾಕೆ ತಗೊಂಡೆ ಅಂದ್ರೆ...

ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನಮ್ಮ ಬ್ಯಾಚಿನಲ್ಲಿ ಫಿಸಿಕ್ಸ್ ಇಷ್ಟ ಅಂತ ಬಿಎಸ್ಸಿ ಪಿಸಿಎಂಗೆ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಸೇರಿದವರು ತೀರಾ ಕಡಿಮೆ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬರಲಿಲ್ಲ ಅಂತ ಕೆಲವರು ಬಂದಿದ್ದರು. ಮುಂದೆ ಬಿಎಡ್ ಮಾಡಿದರೆ ಹೈಸ್ಕೂಲ್ ಮೇಷ್ಟ್ರಾಗಬಹುದು ಅಂತ ಇನ್ನು ಕೆಲವರು. ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಅಪ್ಪನದು ಒಂದೇ ಷರತ್ತು: ಕತ್ತಲಾಗೋದರೊಳಗೆ ಮಗಳು ಮನೆ ಸೇರಬೇಕು, ಹಾಗಾಗಿ ಗೌರಿಬಿದನೂರು ಬಿಟ್ಟು ಬೇರೆ ಊರಿನ ಕಾಲೇಜು ಬೇಡ. ಇನ್ನು ನನ್ನ ಕಥೆ ಕೇಳಿದರೆ ನಗ್ತೀರಿ. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಚೆನ್ನಾಗಿ ಬಂದಿತ್ತು. "ಇಷ್ಟು ಮಾರ್ಕ್ಸ್ ಇಟ್ಕೊಂಡು ಆರ್ಟ್ಸಾ?" ಅಂದರು ನಮ್ಮ ಸೋದರಮಾವ. ಅಲ್ಲಿಗೆ ಮಾತು ಮುಗೀತು.

ಸೇರೋದೇನೋ ಸೇರಿದೆವು. ಉಳಿಯೋದು ಕಷ್ಟವಾಯಿತು. ನಮ್ಮ ಕಡೆ ಎಷ್ಟೋ ಜನಕ್ಕೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಮೀಡಿಯಂ, ಪಿಯುಸಿಗೆ ಬಂದರೆ ಒಮ್ಮೆಗೇ ಎಲ್ಲಾ ಇಂಗ್ಲಿಷ್. ಲೆಕ್ಕ ತಲೆಗೆ ಹತ್ತಲ್ಲ ಅಂತ ಸೈನ್ಸ್ ಬಿಟ್ಟು ಹೋದವರನ್ನು ನೋಡಿದ್ದೇನೆ, ಅವರಲ್ಲಿ ಸುಮಾರು ಜನ ಹತ್ತನೇ ಕ್ಲಾಸಲ್ಲಿ ಲೆಕ್ಕದಲ್ಲಿ ನನಗಿಂತ ಮುಂದಿದ್ದವರು. ತೊಡಕು ಲೆಕ್ಕದ್ದಲ್ಲ, ಪ್ರಶ್ನೆ ಏನು ಕೇಳ್ತಿದೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಡಿಗ್ರಿಯಲ್ಲಿ ನಮ್ಮ ಮ್ಯಾಥ್ಸ್ ಮೇಡಂ ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದು, ಎಡಗಡೆ ಕನ್ನಡದಲ್ಲಿ ಹೇಳುತ್ತಾ ಬಿಡಿಸಿ, ಬಲಗಡೆ ಅದನ್ನೇ ಪರೀಕ್ಷೆಯಲ್ಲಿ ಹೇಗೆ ಬರೀಬೇಕೋ ಹಾಗೆ ಬರೆಯುತ್ತಿದ್ದರು. ಪೋರ್ಷನ್ ಮುಗಿಯಲ್ಲ ಅಂತ ಗೊಣಗುವವರು ಇದ್ದರು, ಮೇಡಂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಪಿಸಿಎಂ ಬಿಡದೇ ಇರೋದಕ್ಕೆ ಅರ್ಧ ಕಾರಣ ಆ ಗೆರೆ.

ಉಳಿದರ್ಧ ಫಿಸಿಕ್ಸ್ ಲ್ಯಾಬಿನ ಡಾರ್ಕ್ ರೂಮು. ಸೋಡಿಯಂ ಲ್ಯಾಂಪ್ ಹಾಕಿದ ತಕ್ಷಣ ಹಳದಿ ಬೆಳಕು ಕೊಡಲ್ಲ. ಮೊದಲು ಕೆಂಪು ಕೆಂಪಾಗಿ ಉರಿಯುತ್ತೆ, ಅದು ಒಳಗಿರೋ ನಿಯಾನ್ ಅನಿಲದ್ದು. ಸೋಡಿಯಂ ಕಾದು ಆವಿಯಾಗೋಕೆ ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಕತ್ತಲಲ್ಲಿ ಸುಮ್ನೆ ಹರಟುತ್ತಾ ನಿಂತಿರಬೇಕು. ಆಮೇಲೆ ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡೋ ಸ್ಪೆಕ್ಟ್ರೋಮೀಟರ್‌ನಲ್ಲಿ ಗ್ರೇಟಿಂಗ್ (ಒತ್ತೊತ್ತಾಗಿ ಗೀರುಗಳಿರೋ ಪಟ್ಟಿ) ಇಟ್ಟು ಟೆಲಿಸ್ಕೋಪ್ ತಿರುಗಿಸಿದರೆ ಒಂದು ಹಳದಿ ಗೆರೆ. ಇನ್ನೂ ಪಕ್ಕಕ್ಕೆ, ಅದೇ ಗೆರೆ ಮತ್ತೆ ಕಾಣೋ ಎರಡನೇ ಆರ್ಡರ್‌ಗೆ ಹೋದರೆ ಆ ಒಂದು ಗೆರೆ ಎರಡಾಗುತ್ತೆ! ಆ ಎರಡರ ಅಲೆಯ ಉದ್ದ 589.0 ಮತ್ತು 589.6 ನ್ಯಾನೊಮೀಟರ್ ಅಂತ ರೆಕಾರ್ಡಿನಲ್ಲಿ ಅದಾಗಲೇ ಸೀನಿಯರ್ಸ್ ನೋಡಿ ಕಾಪಿ ಹೊಡೆದಿದ್ದೆ, ಎಲ್ಲರೂ ಮಾಡೋದೇ ಅಲ್ವಾ. ಆದರೆ ಕಣ್ಣಾರೆ ಕಂಡ ದಿನ ಲ್ಯಾಬ್ ಬಿಟ್ಟು ಹೊರಗೆ ಬರೋಕೆ ಮನಸ್ಸಿರಲಿಲ್ಲ. ಅಟೆಂಡರ್ ಬಂದು ಸ್ವಿಚ್ ಆಫ್ ಮಾಡಿದರು.

ಒಂದು ಸಲ ಊರಾಚೆಯ ರೇಡಿಯೋ ದೂರದರ್ಶಕಕ್ಕೂ ಕರಕೊಂಡು ಹೋಗಿದ್ದರು. ಚಿಕ್ಕಂದಿನಲ್ಲಿ ನಾವು ಅದನ್ನು ಕರೆಂಟಿನವರದ್ದು ಅಂದುಕೊಂಡಿದ್ದೆವು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. ಇಂಗ್ಲಿಷ್ 'ಟಿ' ಅಕ್ಷರದ ಆಕಾರದಲ್ಲಿ 1000 ಡೈಪೋಲ್ ಅನ್ನೋ ಆಂಟೆನಾ‌ಗಳು, ಆಕಾಶದಿಂದ ಬರೋ 34.5 ಮೆಗಾಹರ್ಟ್ಸ್ ಅಲೆಗಳನ್ನು ಹಿಡಿಯೋಕೆ. ಆ ಅಲೆ ಎಷ್ಟು ಉದ್ದ ಅಂತ ಅಲ್ಲೇ ಕೇಳಿದರು. ಬೆಳಕಿನ ವೇಗವನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಆಯ್ತು, ಪಿಯುಸಿ ಪಾಠ. ಅಂಗೈ ಮೇಲೆ ಪೆನ್ನಿನಲ್ಲಿ ಮಾಡಿದೆ, 8.7 ಮೀಟರ್ ಬಂತು. ಸರಿ ಅಂದರು. ಪುಸ್ತಕದ ಸೂತ್ರ ನಮ್ಮೂರಿನ ಹೊಲದ ಪಕ್ಕ ಕೆಲಸಕ್ಕೆ ಬಂದಿತ್ತು.

ಎಚ್ಚೆನ್, ಅಂದರೆ ಎಚ್. ನರಸಿಂಹಯ್ಯ ಅವರ ವಿಷಯ ನಮ್ಮ ತಾಲ್ಲೂಕಿನಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಹೊಸೂರಿನ ಬಡವರ ಮನೆಯ ಹುಡುಗ, ಓದೋಕೆ ಬೆಂಗಳೂರಿಗೆ ನಡೆದೇ ಹೋದವರು, ಅಮೆರಿಕದ ಒಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್‌ಡಿ ಮಾಡಿ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಮ್ಮಜ್ಜಿಗೆ ಫಿಸಿಕ್ಸ್ ಅಂದರೆ ಏನೂ ಗೊತ್ತಿರಲಿಲ್ಲ. "ಹೊಸೂರು ನರಸಿಂಹಯ್ಯನೋರು ಓದಿದ್ದು ತಾನೇ, ಓದಲಿ ಬಿಡು" ಅಂದಿದ್ದಳು. ಮನೆಯಲ್ಲಿ ಎಂಎಸ್ಸಿಗೆ ಒಪ್ಪಿಸೋಕೆ ನನ್ನ ಮಾರ್ಕ್ಸ್ ಕಾರ್ಡಿಗಿಂತ ಆ ಮಾತೇ ಜಾಸ್ತಿ ಕೆಲಸ ಮಾಡಿತು.

ಈಗ ಕಾಲೇಜಿನವರಲ್ಲಿ ಒಂದು ಕೇಳಿಕೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಮಕ್ಕಳಿಗೆ ಸೈನ್ಸ್ ತಗೊಳ್ಳಿ ಅಂತ ಭಾಷಣ ಮಾಡಿದರೆ ತಡವಾಯ್ತು, ಅಷ್ಟೊತ್ತಿಗೆ ಮಾವಂದಿರು ತೀರ್ಮಾನ ಮಾಡಿರ್ತಾರೆ. ಒಂಬತ್ತನೇ ಕ್ಲಾಸಿನವರನ್ನೇ ಒಂದು ಶನಿವಾರ ಲ್ಯಾಬಿಗೆ ಕರೆಸಿ. ನಮ್ಮ ಬ್ಯಾಚಿನ ಮೂರ‍್ನಾಲ್ಕು ಜನ ಬರೋಕೆ ತಯಾರಿದ್ದೇವೆ, ಸ್ಪೆಕ್ಟ್ರೋಮೀಟರ್ ನಾವೇ ಸೆಟ್ ಮಾಡಿ ಕೊಡ್ತೀವಿ. ಡಾರ್ಕ್ ರೂಮಿನ ಬೀಗದ ಕೈ ಮಾತ್ರ ಯಾರ ಹತ್ತಿರ ಇದೆ ಅಂತ ಮೊದಲೇ ತಿಳಿಸಿ.